ನೀರು ಕೊಟ್ಟವರು ಅಧಿಕಾರ ಕೊಡಲಿಲ್ಲ

2011ರಲ್ಲಿ ಕೈರೋದ ತಹ್ರೀರ್ ಚೌಕ ತುಂಬಿದಾಗ ನಾವು ಅದನ್ನು ದೂರದ ಸುದ್ದಿಯೆಂದೇ ಓದಿದೆವು. ನಮ್ಮ ಮೈಸೂರು ಸೀಮೆಯೂ ಅಂಥದ್ದೊಂದನ್ನು ಕಂಡಿತ್ತು.

ಶ್ರೀರಂಗಪಟ್ಟಣದ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಎದ್ದಿತು. ಪಾಂಡವಪುರದ ಗದ್ದೆಗೆ ನೀರು ಹರಿಯಿತು, ಕೆ.ಆರ್. ಪೇಟೆ ಕಡೆಯ ಹೊಲಗಳು ಹಿನ್ನೀರಿನಲ್ಲಿ ಮುಳುಗಿದವು. ನಾಗಮಂಗಲ ಮಳೆಯನ್ನೇ ನಂಬಿ ಕೂತಿತು. ಇದನ್ನೆಲ್ಲ ನಿರ್ಧರಿಸಿದ್ದು ಅರಮನೆ ಮತ್ತು ದಿವಾನರು, ರೈತನಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಆಗಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಸಮರ್ಥರು, ಅವರ ಬಗ್ಗೆ ನಮಗೆ ಅಭಿಮಾನವೂ ಉಂಟು. ಆದರೂ ನ್ಯಾಯ ಧ್ವಜ ಹಿಡಿದವರ ಕಡೆಗಿತ್ತು.

ದೇಶ ಸ್ವತಂತ್ರವಾದ ಮೇಲೂ ಇಲ್ಲಿ ಜವಾಬ್ದಾರಿ ಸರಕಾರ ಬರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಹೊರಟಿತು. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಆಗ ಗುಂಡಿಗೆ ಬಲಿಯಾದ ವಿದ್ಯಾರ್ಥಿಯದೇ ಹೆಸರು. ಅಕ್ಟೋಬರ್‌ನಲ್ಲಿ ಮಹಾರಾಜರು ಮಣಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಈಜಿಪ್ಟಿನಲ್ಲಿ ಮುಬಾರಕ್ 18 ದಿನಕ್ಕೇ ಇಳಿದರು. 2013ರಲ್ಲಿ ಸೇನೆ ಮರಳಿತು. ಇಲ್ಲಿ ಅಧಿಕಾರ ಅರಮನೆಗೆ ಮರಳಲಿಲ್ಲ.