ಧ್ವನಿಯ ಗಡುವು, ಕೋರ್‌ಗಳ ದುಡಿಮೆ

ಕಾಂಪ್ಯಾಕ್ಟ್ ಡಿಸ್ಕಿನ ಗುಣಮಟ್ಟದ ಡಿಜಿಟಲ್ ಧ್ವನಿಯಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುತ್ತವೆ. ಸಂಗೀತ ನಿರ್ಮಾಣದ ತಂತ್ರಾಂಶ ಇವನ್ನು ಬಫರ್ ಎಂಬ ಸಣ್ಣ ಕಂತುಗಳಾಗಿ ಕಟ್ಟಿ ಲೆಕ್ಕ ಹಾಕುತ್ತದೆ. 256 ಸ್ಯಾಂಪಲ್‌ಗಳ ಕಂತಿಗೆ ಸಿಗುವ ಕಾಲ ಸುಮಾರು 5.8 ಮಿಲಿಸೆಕೆಂಡು, 64 ಸ್ಯಾಂಪಲ್‌ಗಳ ಕಂತಿಗೆ 1.45 ಮಿಲಿಸೆಕೆಂಡು. ಅಷ್ಟರೊಳಗೆ ಎಲ್ಲ ಟ್ರ್ಯಾಕ್‌ಗಳ, ಧ್ವನಿಯನ್ನು ತಿದ್ದುವ ಪ್ಲಗಿನ್ ಎಂಬ ಎಲ್ಲ ಉಪತಂತ್ರಾಂಶಗಳ ಲೆಕ್ಕ ಮುಗಿದು ಫಲಿತಾಂಶ ಸೌಂಡ್ ಕಾರ್ಡಿಗೆ ತಲುಪಬೇಕು. ತಡವಾದರೆ ಸ್ಪೀಕರಿನಲ್ಲಿ ‘ಟಪ್’ ಎಂಬ ಸದ್ದು ಕೇಳುತ್ತದೆ, ಇಲ್ಲವೇ ಧ್ವನಿ ಕಡಿದುಹೋಗುತ್ತದೆ. ಈ ಗಡುವನ್ನು ಕಾಯ್ದುಕೊಳ್ಳಲು ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ದುಡಿಸುವ ಪ್ರಯತ್ನಕ್ಕೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ.

ಕಂಪ್ಯೂಟರ್ ಸಂಗೀತದ ಆರಂಭದಲ್ಲಿ ಈ ಗಡುವು ಇರಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲಿ ಐಬಿಎಂ 704 ಯಂತ್ರಕ್ಕೆ ಬರೆದ ‘ಮ್ಯೂಸಿಕ್’ ಪ್ರೋಗ್ರಾಮಿನಿಂದ 17 ಸೆಕೆಂಡುಗಳ ಒಂದು ರಚನೆ ಹೊರಬಂತು. ಯಂತ್ರ ಮೊದಲು ಎಲ್ಲ ಅಂಕಿಗಳನ್ನೂ ಲೆಕ್ಕ ಹಾಕಿ ಟೇಪಿನಲ್ಲಿ ಇಡುತ್ತಿತ್ತು; ಆ ಅಂಕಿಗಳನ್ನು ಧ್ವನಿಯಾಗಿ ಕೇಳುವುದು ಆಮೇಲಿನ ಮಾತು. ಲೆಕ್ಕಕ್ಕೆ ಎಷ್ಟು ಹೊತ್ತು ಹಿಡಿದರೂ ಸಂಗೀತ ಕೆಡುತ್ತಿರಲಿಲ್ಲ. ನುಡಿಸಿದ ಕ್ಷಣದಲ್ಲೇ ಧ್ವನಿ ಕೇಳಬೇಕೆಂಬ ಅಗತ್ಯ ಬಂದಾಗ ಮಾತ್ರ ಒಂದು ಪ್ರೊಸೆಸರ್ ಸಾಲದೆಂಬುದು ಬಯಲಾಯಿತು.

ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ರೂಪಿಸಿ 1979ರಲ್ಲಿ ಹೊರತಂದ ಫೇರ್‌ಲೈಟ್ ಸಿಎಂಐ ವಾದ್ಯ ಇದಕ್ಕೆ ಒಳ್ಳೆಯ ಸಾಕ್ಷಿ. ಅದರೊಳಗೆ ಮೊಟೊರೊಲಾ ಕಂಪನಿಯ ಎರಡು 8 ಬಿಟ್ ಪ್ರೊಸೆಸರ್‌ಗಳಿದ್ದವು. ಅವಷ್ಟೇ ಸಾಲದೆ, ಏಕಕಾಲಕ್ಕೆ ನುಡಿಯಬಲ್ಲ ಎಂಟು ಸ್ವರಗಳಲ್ಲಿ ಪ್ರತಿಯೊಂದಕ್ಕೂ ಒಂದು ಪ್ರತ್ಯೇಕ ಕಾರ್ಡ್ ಇತ್ತು. ಯಾರ ಪಾಲಿಗೆ ಯಾವ ಕೆಲಸ ಎಂಬುದು ಯಂತ್ರ ಕಟ್ಟುವಾಗಲೇ ತೀರ್ಮಾನವಾಗಿರುತ್ತಿತ್ತು.

ಧ್ವನಿಮುದ್ರಣದ ಕ್ಷೇತ್ರವೂ ಇದೇ ದಾರಿ ಹಿಡಿಯಿತು. ಕ್ಯಾಲಿಫೋರ್ನಿಯಾದ ಡಿಜಿಡಿಸೈನ್ ಕಂಪನಿ 1991ರಲ್ಲಿ ನಾಲ್ಕು ಟ್ರ್ಯಾಕ್‌ಗಳ ಪ್ರೋ ಟೂಲ್ಸ್ ಬಿಡುಗಡೆ ಮಾಡಿದಾಗ ಮ್ಯಾಕಿಂಟಾಷ್ ಕಂಪ್ಯೂಟರಿನ ಪಾತ್ರ ಹೆಚ್ಚಾಗಿ ತೆರೆ ಮತ್ತು ಮೌಸಿನದ್ದು. ಧ್ವನಿಯ ಲೆಕ್ಕವನ್ನು ಯಂತ್ರದೊಳಗೆ ಸಿಕ್ಕಿಸಿದ ಕಾರ್ಡುಗಳ ಮೇಲಿನ, ಇಂಥ ಲೆಕ್ಕಕ್ಕೆಂದೇ ಮಾಡಿದ ಡಿಎಸ್‌ಪಿ ಚಿಪ್‌ಗಳು ಮಾಡುತ್ತಿದ್ದವು. ಮುಂದೆ ಅದೇ ಕಂಪನಿ ತಂದ ಟಿಡಿಎಂ ವ್ಯವಸ್ಥೆಯಲ್ಲಿ ಕಾರ್ಡುಗಳನ್ನು ಸೇರಿಸುತ್ತ ಹೋದಂತೆ ಚಿಪ್‌ಗಳ ಸಂಖ್ಯೆಯೂ ಬೆಳೆಯುತ್ತಿತ್ತು. ಒಂದು ಪ್ಲಗಿನ್ ಯಾವ ಚಿಪ್ಪಿನಲ್ಲಿ ನೆಲೆಸಿತೋ ಅದರಲ್ಲೇ ಉಳಿಯುತ್ತಿದ್ದರಿಂದ ಸಮಯದ ಭರವಸೆ ಗಟ್ಟಿಯಾಗಿತ್ತು. ಆದರೆ ಒಂದು ಚಿಪ್ಪಿನಲ್ಲಿ ಉಳಿದ ಜಾಗ ಹೊಸ ಪ್ಲಗಿನ್‌ಗೆ ಸಾಲದಿದ್ದರೆ ಆ ಜಾಗ ವ್ಯರ್ಥವಾಗುತ್ತಿತ್ತು. ಕಾರ್ಡುಗಳ ಬೆಲೆಯೂ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಎಟುಕುವಂಥದ್ದು.

ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತಂದ ಕ್ಯೂಬೇಸ್ ವಿಎಸ್‌ಟಿ ಈ ಏರ್ಪಾಟನ್ನು ತಲೆಕೆಳಗು ಮಾಡಿತು. ಮಿಕ್ಸರ್, ಈಕ್ವಲೈಸರ್, ರಿವರ್ಬ್ ಎಲ್ಲವೂ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲೇ ನಡೆಯತೊಡಗಿದವು. ಪ್ರತ್ಯೇಕ ಡಿಎಸ್‌ಪಿ ಕಾರ್ಡ್ ಬೇಕಾಗಲಿಲ್ಲ. 1999ರ ವಿಎಸ್‌ಟಿ 2.0 ಬಂದಮೇಲೆ ವಾದ್ಯಗಳೂ ಪ್ಲಗಿನ್ ರೂಪ ತಾಳಿದವು. ಮನೆಯ ಕಂಪ್ಯೂಟರ್ ಸ್ಟುಡಿಯೋ ಆಯಿತು. ಆದರೆ ಇಡೀ ಭಾರ ಒಂದೇ ಪ್ರೊಸೆಸರಿನ ಹೆಗಲೇರಿತು.

ಆ ಹೊತ್ತಿಗೆ ಎರಡು ಪ್ರೊಸೆಸರ್‌ಗಳ ಯಂತ್ರಗಳು ಇರಲಿಲ್ಲವೆಂದಲ್ಲ. 1995ರ ಬಿಬಾಕ್ಸ್ ಎರಡು ಪವರ್‌ಪಿಸಿ ಚಿಪ್‌ಗಳನ್ನು ಹೊತ್ತು ಬಂದಿತ್ತು. ಆಪಲ್ 2000ದಲ್ಲಿ ಎರಡು ಪ್ರೊಸೆಸರ್‌ಗಳ ಪವರ್ ಮ್ಯಾಕ್ ಜಿ4 ಮಾರಾಟಕ್ಕೆ ಇಟ್ಟಿತು. ಕೊರತೆ ಇದ್ದದ್ದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ. ವಿಂಡೋಸ್ 98 ಎರಡನೇ ಪ್ರೊಸೆಸರನ್ನು ಗುರುತಿಸುತ್ತಲೇ ಇರಲಿಲ್ಲ. ಮ್ಯಾಕ್ ಓಎಸ್ 9ರಲ್ಲಿ ಅದನ್ನು ಬಳಸಲು ತಂತ್ರಾಂಶವನ್ನು ವಿಶೇಷವಾಗಿ ಬರೆಯಬೇಕಿತ್ತು. ಆದ್ದರಿಂದ ಕೆಲವರು ಕಂಪ್ಯೂಟರ್‌ಗಳನ್ನೇ ಜೋಡಿಸುವ ಉಪಾಯ ಹೂಡಿದರು. ಸ್ಟೈನ್‌ಬರ್ಗ್‌ನ ವಿಎಸ್‌ಟಿ ಸಿಸ್ಟಮ್ ಲಿಂಕ್ ಡಿಜಿಟಲ್ ಆಡಿಯೋ ಕೇಬಲ್ಲಿನ ಮೂಲಕವೇ ಹಲವು ಕಂಪ್ಯೂಟರ್‌ಗಳನ್ನು ತಾಳ ತಪ್ಪದಂತೆ ಒಟ್ಟಿಗೆ ನಡೆಸುತ್ತಿತ್ತು. ಆಪಲ್‌ನ ಲಾಜಿಕ್ ಪ್ರೋ 7 ಎಂಬ 2004ರ ಆವೃತ್ತಿ ನೆಟ್‌ವರ್ಕಿನಲ್ಲಿದ್ದ ಬೇರೆ ಮ್ಯಾಕ್‌ಗಳಿಗೆ ಪ್ಲಗಿನ್‌ಗಳ ಲೆಕ್ಕವನ್ನು ಕಳುಹಿಸುತ್ತಿತ್ತು.

ನಿಜವಾದ ತಿರುವು ಪ್ರೊಸೆಸರ್ ಕಾರ್ಖಾನೆಗಳಿಂದ ಬಂತು. ಪ್ರೊಸೆಸರಿನೊಳಗಿನ ಗಡಿಯಾರದ ವೇಗ ಏರಿದಂತೆ ಚಿಪ್‌ಗಳ ಬಿಸಿ ತಡೆಯಲಾಗದಷ್ಟಾಯಿತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಯೋಜನೆಯನ್ನು ಕೈಬಿಟ್ಟಿತು. ಬದಲಿಗೆ ಒಂದೇ ಚಿಪ್ಪಿನಲ್ಲಿ ಎರಡು ಪ್ರೊಸೆಸರ್‌ಗಳನ್ನು, ಅಂದರೆ ಎರಡು ಕೋರ್‌ಗಳನ್ನು ಇಡುವ ದಾರಿ ತೆರೆಯಿತು: 2005ರಲ್ಲಿ ಇಂಟೆಲ್‌ನ ಪೆಂಟಿಯಂ ಡಿ ಮತ್ತು ಎಎಂಡಿಯ ಆ್ಯಥ್ಲಾನ್ 64 ಎಕ್ಸ್2, 2006ರಲ್ಲಿ ಕೋರ್ 2 ಡ್ಯುಯೊ ಬಂದವು. ಅಲ್ಲಿಯವರೆಗೆ ಹೊಸ ಯಂತ್ರ ಕೊಂಡರೆ ಹಳೆಯ ತಂತ್ರಾಂಶವೂ ತಾನಾಗಿ ವೇಗ ಪಡೆಯುತ್ತಿತ್ತು. ಇನ್ನು ಮುಂದೆ ತಂತ್ರಾಂಶವೇ ಕೆಲಸ ಹಂಚುವುದನ್ನು ಕಲಿಯಬೇಕಾಯಿತು. ಬರ್ಲಿನ್ನಿನ ಏಬಲ್‌ಟನ್ ಕಂಪನಿಯ ಲೈವ್ 6, 2006ರಲ್ಲಿ ಹಲವು ಕೋರ್‌ಗಳ ಬಳಕೆಯನ್ನು ಮುಖ್ಯ ಹೊಸತನವಾಗಿ ಸೇರಿಸಿಕೊಂಡಿತು. ಉಳಿದ ತಂತ್ರಾಂಶಗಳೂ ಆ ವರ್ಷಗಳಲ್ಲಿ ಇದೇ ಹಾದಿಗೆ ಬಂದವು.

ಹಂಚಿಕೆ ಹೇಗೆ ನಡೆಯುತ್ತದೆಂಬುದನ್ನು ಒಂದು ಸಣ್ಣ ಸಂಗೀತ ಕಛೇರಿಯ ಧ್ವನಿಮುದ್ರಣದಲ್ಲಿ ನೋಡಬಹುದು. 256 ಸ್ಯಾಂಪಲ್‌ಗಳ ಒಂದು ಕಂತಿಗೆ ಗಾಯನದ ಟ್ರ್ಯಾಕ್ 2.0 ಮಿಲಿಸೆಕೆಂಡು, ಪಿಟೀಲು 0.9, ಮೃದಂಗ 0.8, ಘಟ 0.5, ತಂಬೂರಿ 0.4 ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಎಲ್ಲವೂ ಸೇರಿ ಹೋಗುವ ರಿವರ್ಬ್‌ಗೆ 1.0, ಕೊನೆಯ ಮಾಸ್ಟರ್ ಚಾನೆಲ್‌ಗೆ 0.8 ಬೇಕು. ಒಂದೇ ಕೋರ್ ಇದ್ದರೆ ಒಟ್ಟು 6.4 ಮಿಲಿಸೆಕೆಂಡು ಹಿಡಿದು 5.8ರ ಗಡುವು ತಪ್ಪುತ್ತದೆ. ಎರಡು ಕೋರ್‌ಗಳಿದ್ದರೆ ಒಂದಕ್ಕೆ ಗಾಯನ ಮತ್ತು ತಂಬೂರಿ, ಇನ್ನೊಂದಕ್ಕೆ ಉಳಿದ ಮೂರು ವಾದ್ಯಗಳು ಹೋಗುತ್ತವೆ, 2.4 ಮಿಲಿಸೆಕೆಂಡಿಗೆ ಟ್ರ್ಯಾಕ್‌ಗಳೆಲ್ಲ ಮುಗಿದು ಒಟ್ಟು ಲೆಕ್ಕ 4.2ಕ್ಕೆ ಇಳಿಯುತ್ತದೆ. ಮೂರು ಕೋರ್‌ಗಳಿದ್ದರೆ 3.8. ಎಂಟು ಕೋರ್‌ಗಳಿದ್ದರೂ ಅದೇ 3.8.

ಕಾರಣ ಸರಳ. ಬೇಳೆ ಬೇಯದೆ ಸಾರಿಗೆ ಒಗ್ಗರಣೆ ಹಾಕಲಾಗದು. ಗಾಯನದ ಲೆಕ್ಕ ಮುಗಿಯದೆ ರಿವರ್ಬ್ ಶುರುವಾಗದು, ರಿವರ್ಬ್ ಮುಗಿಯದೆ ಮಾಸ್ಟರ್ ಚಾನೆಲ್ ಕದಲದು. ಅತಿ ಉದ್ದದ ಸರಪಳಿ ಎಷ್ಟು ಹೊತ್ತು ಹಿಡಿಯುತ್ತದೋ ಅದಕ್ಕಿಂತ ಬೇಗ ಕಂತು ಮುಗಿಯುವುದಿಲ್ಲ. ಕೆಲಸದಲ್ಲಿ ಹಂಚಲಾಗದ ಭಾಗವೇ ಒಟ್ಟು ವೇಗದ ಮೇರೆಯೆಂದು ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಸಂಗೀತ ತಂತ್ರಾಂಶದಲ್ಲಿ ಆ ಮಾತು ಪ್ರತಿ ಕಂತಿನಲ್ಲೂ ಅನುಭವಕ್ಕೆ ಬರುತ್ತದೆ. ಒಂದು ಕೋರ್ ಮಾತ್ರ ತುಂಬಿ ಮಿಕ್ಕವು ಖಾಲಿ ಕುಳಿತಿರುವಾಗಲೂ ಧ್ವನಿ ಕಡಿಯುವುದಕ್ಕೆ ಇದೇ ಕಾರಣ.

ಸರಪಳಿಗಳ ಸರದಿಯನ್ನು ನೋಡಿಕೊಳ್ಳಲು ಬಂದ ಒಂದು ಜಾಣ ವಿಧಾನವನ್ನು ಧ್ವನಿಯ ತಂತ್ರಾಂಶಗಳನ್ನು ಒಂದಕ್ಕೊಂದು ಜೋಡಿಸುವ, ಲಿನಕ್ಸ್ ಬಳಕೆದಾರರ ಜ್ಯಾಕ್ ವ್ಯವಸ್ಥೆಯ ಎರಡನೇ ರೂಪದಲ್ಲಿ ಕಾಣಬಹುದು. ಫ್ರಾನ್ಸಿನ ಲಿಯಾನ್ ನಗರದ ಗ್ರಾಮ್ ಕೇಂದ್ರದ ಸ್ಟೆಫಾನ್ ಲೆಟ್ಜ್ ಇದನ್ನು ರೂಪಿಸಿದರು. ಇದರಲ್ಲಿ ಪ್ರತಿ ಘಟಕವೂ ತಾನು ಇನ್ನೂ ಎಷ್ಟು ಘಟಕಗಳಿಗಾಗಿ ಕಾಯಬೇಕೆಂಬ ಎಣಿಕೆ ಇಟ್ಟುಕೊಳ್ಳುತ್ತದೆ. ಹಿಂದಿನ ಘಟಕ ಮುಗಿದಾಗಲೆಲ್ಲ ಎಣಿಕೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದೊಡನೆ ಬಿಡುವಿರುವ ಕೋರ್ ಅದನ್ನು ಎತ್ತಿಕೊಳ್ಳುತ್ತದೆ. ಇಲ್ಲಿ ಒಂದು ಕೋರ್ ಹಂಚಿಕೊಂಡ ಮಾಹಿತಿಗೆ ಬೀಗ ಹಾಕಿ ಇನ್ನೊಂದನ್ನು ಕಾಯಿಸುವುದಿಲ್ಲ. ಧ್ವನಿಯ ಕೆಲಸದಲ್ಲಿ ಬೀಗ ಬಲು ಅಪಾಯಕರ: ಬೀಗ ಹಿಡಿದ ಕಡಿಮೆ ಆದ್ಯತೆಯ ಕೆಲಸ ನಡುವೆ ನಿಂತುಬಿಟ್ಟರೆ ಅವಸರದ ಕೆಲಸವೂ ಅದರ ಹಿಂದೆ ನಿಂತು ಗಡುವು ಕಳೆದುಹೋಗುತ್ತದೆ.

ಎರಡನೆಯ ಉಪಾಯ, ಮುಂದಾಗಿ ಮಾಡಿಡುವುದು. ಆಗಲೇ ಮುದ್ರಿತವಾದ ಟ್ರ್ಯಾಕಿನಲ್ಲಿ ಮುಂದೆ ಏನು ಬರುತ್ತದೆಂದು ತಂತ್ರಾಂಶಕ್ಕೆ ಗೊತ್ತು. ಅದನ್ನು ಸ್ವಲ್ಪ ಮೊದಲೇ ದೊಡ್ಡ ಕಂತುಗಳಲ್ಲಿ ಲೆಕ್ಕ ಹಾಕಿಟ್ಟರೆ ಗಡುವಿನ ಒತ್ತಡವಿಲ್ಲದೆ ಎಲ್ಲ ಕೋರ್‌ಗಳೂ ದುಡಿಯಬಹುದು. ಜಸ್ಟಿನ್ ಫ್ರಾಂಕೆಲ್ ಆರಂಭಿಸಿದ ರೀಪರ್ ತಂತ್ರಾಂಶ ಇದನ್ನು ಸಮರ್ಥವಾಗಿ ಬಳಸಿಕೊಂಡಿತು. 2012ರ ಕ್ಯೂಬೇಸ್ 7 ‘ಏಸಿಯೋ ಗಾರ್ಡ್’ ಹೆಸರಿನಲ್ಲಿ ಇಂಥದ್ದೇ ಏರ್ಪಾಟು ತಂದಿತು. ಆದರೆ ಈಗಷ್ಟೇ ಮೈಕಿನ ಮುಂದೆ ಹಾಡುತ್ತಿರುವ ದನಿಯನ್ನು ಯಾವ ತಂತ್ರಾಂಶವೂ ಮುಂಚೆ ಲೆಕ್ಕ ಹಾಕಲಾರದು. ಆ ಟ್ರ್ಯಾಕು ಚಿಕ್ಕ ಕಂತಿನಲ್ಲೇ ಸಾಗಬೇಕು, ಅದರ ಪ್ಲಗಿನ್‌ಗಳು ಒಂದರ ಹಿಂದೊಂದು ನಡೆಯಬೇಕು.

ಕೋರ್‌ಗಳ ಎಣಿಕೆ ಏರುತ್ತಲೇ ಹೋಯಿತು. 2019ರಲ್ಲಿ ಆಪಲ್ 28 ಕೋರ್‌ಗಳ ಮ್ಯಾಕ್ ಪ್ರೋ ಪ್ರಕಟಿಸಿದಾಗ ಲಾಜಿಕ್ ಪ್ರೋ ಎಕ್ಸ್ 10.4.5 ಆವೃತ್ತಿ 56 ಥ್ರೆಡ್‌ಗಳನ್ನು, ಅಂದರೆ ಒಟ್ಟಿಗೆ ಸಾಗುವ ಕೆಲಸದ ಎಳೆಗಳನ್ನು, ದುಡಿಸಬಲ್ಲದಾಗಿತ್ತು. ಒಂದೇ ಯೋಜನೆಯಲ್ಲಿ 1,000 ಆಡಿಯೋ ಟ್ರ್ಯಾಕ್‌ಗಳಿಗೆ ಅವಕಾಶವಿತ್ತು. ನಾಲ್ಕು ಟ್ರ್ಯಾಕ್‌ಗಳ ಪ್ರೋ ಟೂಲ್ಸ್ ಬಂದು ಆಗಿನ್ನೂ 28 ವರ್ಷವಷ್ಟೇ ಆಗಿತ್ತು.

ಮರುವರ್ಷ ಹೊಸದೊಂದು ತೊಡಕು ಬಂತು. 2020ರ ಆಪಲ್ ಎಂ1 ಚಿಪ್ಪಿನಲ್ಲಿ ನಾಲ್ಕು ಬಲವಾದ ಕೋರ್‌ಗಳು, ನಾಲ್ಕು ಮಿತವ್ಯಯದ ಕೋರ್‌ಗಳು. 2021ರಲ್ಲಿ ಇಂಟೆಲ್‌ನ ಆಲ್ಡರ್ ಲೇಕ್ ಚಿಪ್‌ಗಳೂ ಇದೇ ಮಾದರಿ ಹಿಡಿದವು. ಉದ್ದದ ಸರಪಳಿ ನಿಧಾನದ ಕೋರಿನ ಪಾಲಾದರೆ ಉಳಿದವು ಎಷ್ಟು ಚುರುಕಾಗಿದ್ದರೂ ಕಂತು ತಡವಾಗುತ್ತದೆ. ಇದಕ್ಕಾಗಿ ಮ್ಯಾಕ್ ಓಎಸ್ 11ರಲ್ಲಿ ಆಡಿಯೋ ವರ್ಕ್‌ಗ್ರೂಪ್ ಎಂಬ ಸೌಲಭ್ಯ ಬಂತು. ಒಂದೇ ಗಡುವಿಗೆ ದುಡಿಯುವ ಥ್ರೆಡ್‌ಗಳೆಲ್ಲ ತಾವು ಒಂದು ತಂಡವೆಂದು ಕಾರ್ಯಾಚರಣಾ ವ್ಯವಸ್ಥೆಗೆ ಇದರ ಮೂಲಕ ಹೇಳಿಕೊಳ್ಳುತ್ತವೆ. ವ್ಯವಸ್ಥೆ ಅದನ್ನು ಗಮನದಲ್ಲಿಟ್ಟು ಕೋರ್‌ಗಳನ್ನು ಒದಗಿಸುತ್ತದೆ.

ಫೇರ್‌ಲೈಟ್‌ನ ಸ್ವರಕ್ಕೊಂದು ಕಾರ್ಡಿನಿಂದ ಇಂದಿನ ಥ್ರೆಡ್‌ಗಳ ತಂಡದವರೆಗೆ ಪ್ರಶ್ನೆ ಒಂದೇ: ಹೊತ್ತು ಮೀರದಂತೆ ಕೆಲಸ ಹಂಚುವುದು ಹೇಗೆ? ನೂರಾರು ಟ್ರ್ಯಾಕ್‌ಗಳ ಮಿಕ್ಸಿಂಗ್‌ನಲ್ಲಿ ಕೋರ್‌ಗಳ ಸಂಖ್ಯೆ ನೆರವಾಗುತ್ತದೆ. ಹಾಡುತ್ತಿರುವಾಗಲೇ ತನ್ನ ದನಿ ಕೇಳಬೇಕಾದ ಗಾಯಕನಿಗೆ ಮಾತ್ರ ಇಂದಿಗೂ ಆಸರೆಯಾಗುವುದು ಒಂದೊಂದು ಕೋರಿನ ಸ್ವಂತ ವೇಗ.