ಮೇಣದ ಹಲಗೆಯಿಂದ ಗಾಜಿನ ಹಲಗೆಗೆ

ವಾಚಕರೆ, ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಇಂದು ದಿನವೂ ಕಾಣಸಿಗುವ ಒಂದು ದೃಶ್ಯವನ್ನು ನೆನೆದುಕೊಳ್ಳಿರಿ. ಸಂಶೋಧನ ವಿದ್ಯಾರ್ಥಿಯೊಬ್ಬನು ಮೇಜಿನ ಮುಂದೆ ಕುಳಿತಿದ್ದಾನೆ. ಅವನೆದುರಿಗೆ ಕಾಗದದ ಕಟ್ಟಿಲ್ಲ, ಮಸಿಯ ಕುಡಿಕೆಯಿಲ್ಲ. ತೆಳುವಾದ ಗಾಜಿನ ಹಲಗೆಯೊಂದಿದೆ. ಆಕರಗ್ರಂಥಗಳೂ ಟಿಪ್ಪಣಿಗಳೂ ಬರೆಯುತ್ತಿರುವ ಪ್ರಬಂಧವೂ ಅದರೊಳಗೇ ಇವೆ. ಒಂದು ವಾಕ್ಯವನ್ನು ಅರ್ಧ ಬರೆದಿರುವಷ್ಟರಲ್ಲಿ ಹಲಗೆಯ ಮೇಲ್ಭಾಗದಲ್ಲಿ ಗೆಳೆಯನ ಸಂದೇಶವೊಂದು ಮಿನುಗುತ್ತದೆ. ಅವನ ಕಣ್ಣು ಅತ್ತ ಹೋಗುತ್ತದೆ. ಕಣ್ಣಿನ ಹಿಂದೆ ಮನಸ್ಸೂ ಹೋಗುತ್ತದೆ. ಮರಳಿ ಬರುವಾಗ ಆ ವಾಕ್ಯದ ಉಳಿದರ್ಧವೇನೆಂಬುದು ಮರೆತುಹೋಗಿರುತ್ತದೆ.

ಟ್ಯಾಬ್ಲೆಟ್ ಎಂಬ ಈ ಸಾಧನವು ವಿದ್ಯೆಗೆ ವರವೋ ವಿಘ್ನವೋ ಎಂಬ ಪ್ರಶ್ನೆಯನ್ನು ತಂದೆತಾಯಿಗಳೂ ಅಧ್ಯಾಪಕರೂ ಪದೇ ಪದೇ ಕೇಳುತ್ತಿದ್ದಾರೆ. ಪ್ರಶ್ನೆ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ಟ್ಯಾಬ್ಲೆಟ್ ಎಂಬ ಶಬ್ದದ ಅರ್ಥವೇ ಹಲಗೆ. ಹಲಗೆಯ ಮೇಲೆ ಬರೆಯುವುದರಿಂದ ಬರುವ ಅನುಕೂಲಗಳನ್ನೂ, ಬರೆಯುವವನ ಚಿತ್ತವನ್ನು ಕದಡುವ ಸಂಗತಿಗಳನ್ನೂ ಕುರಿತು ಹತ್ತೊಂಬತ್ತು ಶತಮಾನಗಳ ಹಿಂದೆಯೇ ಒಬ್ಬ ಗುರುವು ವಿಚಾರಮಾಡಿದ್ದನು. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಇತಿಹಾಸದಿಂದಲೇ ಆರಂಭಿಸುವುದು ಉಚಿತವಾದೀತು.

ಬರೆದು ಅಳಿಸಬಹುದಾದ ಹಲಗೆ ಬಹು ಪ್ರಾಚೀನವಾದುದು. ತುರ್ಕಿ ದೇಶದ ಕರಾವಳಿಯ ಉಳುಬುರುನ್ ಎಂಬಲ್ಲಿ ಸಮುದ್ರದಲ್ಲಿ ಮುಳುಗಿದ್ದ ಹಡಗಿನಿಂದ ಮರದ ಜೋಡಿಹಲಗೆಯೊಂದು ದೊರೆತಿದೆ. ಅದು ಕ್ರಿಸ್ತಪೂರ್ವ 14ನೆಯ ಶತಮಾನಕ್ಕೆ ಸೇರಿದುದು. ಮರದ ಹಲಗೆಯನ್ನು ತುಸು ತಗ್ಗಾಗಿ ಕೊರೆದು ಅದರಲ್ಲಿ ಮೇಣವನ್ನು ತುಂಬುತ್ತಿದ್ದರು. ಗ್ರೀಕರೂ ರೋಮನರೂ ಇದನ್ನು ವಿಶೇಷವಾಗಿ ಬಳಸಿದರು. ಅವರ ಬರೆಯುವ ಕಡ್ಡಿಗೆ ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ. ಚೂಪಾದ ತುದಿಯಿಂದ ಬರೆಯುವುದು, ಚಪ್ಪಟೆಯಾದ ತುದಿಯಿಂದ ಮೇಣವನ್ನು ಸವರಿ ಅಳಿಸುವುದು. ವಿದ್ಯಾರ್ಥಿಯ ಪಾಠ, ವರ್ತಕನ ಲೆಕ್ಕ, ಕವಿಯ ಮೊದಲ ಕರಡು ಎಲ್ಲವೂ ಇದರ ಮೇಲೆಯೇ ಮೂಡುತ್ತಿದ್ದುವು.

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ಕ್ವಿಂಟಿಲಿಯನ್ ಎಂಬ ಪ್ರಸಿದ್ಧ ಅಧ್ಯಾಪಕನಿದ್ದನು. ವಾಗ್ಮಿಯ ಶಿಕ್ಷಣವನ್ನು ಕುರಿತ ಅವನ ಹನ್ನೆರಡು ಭಾಗಗಳ ಗ್ರಂಥದ ಹತ್ತನೆಯ ಭಾಗದಲ್ಲಿ ಬರವಣಿಗೆಯ ವಿಚಾರ ಬರುತ್ತದೆ. ಮೇಣದ ಹಲಗೆಯೇ ಬರೆಯಲು ಉತ್ತಮವೆಂಬುದು ಅವನ ಅಭಿಪ್ರಾಯ. ಏಕೆಂದರೆ ಅದರಲ್ಲಿ ಅಳಿಸುವುದು ಸುಲಭ. ಲೇಖನಿಯನ್ನು ಮತ್ತೆ ಮತ್ತೆ ಮಸಿಯಲ್ಲಿ ಅದ್ದುತ್ತಿದ್ದರೆ ಕೈ ತಡವರಿಸಿ ಆಲೋಚನೆಯ ಓಟ ಮುರಿಯುತ್ತದೆ. ಕಣ್ಣು ಮಂದವಾದವರು ಮಾತ್ರ ಚರ್ಮದ ಹಾಳೆಯನ್ನು ಬಳಸಲಿ ಎನ್ನುತ್ತಾನೆ. ಆಮೇಲೆ ಹೊಳೆದುದನ್ನು ಸೇರಿಸಲು ಖಾಲಿ ಜಾಗವನ್ನು ಬಿಟ್ಟಿರಬೇಕೆಂದೂ ಹೇಳುತ್ತಾನೆ.

ಅವನು ಚಿತ್ತಭಂಗದ ಮಾತನ್ನೂ ಎತ್ತುತ್ತಾನೆ. ಬರವಣಿಗೆಗೆ ಕಾಡು ತೋಪುಗಳೇ ತಕ್ಕ ಸ್ಥಳವೆಂದು ಕೆಲವರು ಹೇಳುತ್ತಿದ್ದರು. ಕ್ವಿಂಟಿಲಿಯನ್ ಇದನ್ನು ಒಪ್ಪಲಿಲ್ಲ. ಹರಿಯುವ ನೀರು, ಹಕ್ಕಿಗಳ ದನಿ, ಕಣ್ಣಿಗೆ ಹಬ್ಬವಾದ ನೋಟ ಇವು ಮನಸ್ಸನ್ನು ಹಿಗ್ಗಿಸುವುದಕ್ಕಿಂತ ಸಡಿಲಗೊಳಿಸುತ್ತವೆ ಎಂದನು. ಡೆಮಾಸ್ತನೀಸನು ಯಾವ ದನಿಯೂ ಕೇಳಿಸದ, ಯಾವ ನೋಟವೂ ಕಾಣಿಸದ ಸ್ಥಳದಲ್ಲಿ ಅಭ್ಯಾಸಮಾಡುತ್ತಿದ್ದುದನ್ನು ಹೊಗಳಿದನು. ಸ್ವಾರಸ್ಯದ ಸಂಗತಿಯೆಂದರೆ, ಅವನ ಶಿಷ್ಯನಾದ ಕಿರಿಯ ಪ್ಲಿನಿಗೆ ಬೇರೆಯೇ ಅನುಭವವಾಗಿತ್ತು. ಪ್ಲಿನಿಯು ಬೇಟೆಗೆ ಹೋದಾಗ ಬಲೆಗಳ ಬಳಿ ಕುಳಿತು, ಈಟಿಯ ಬದಲು ಮೇಣದ ಹಲಗೆಗಳನ್ನು ಪಕ್ಕದಲ್ಲಿರಿಸಿಕೊಂಡು ಬರೆಯುತ್ತಿದ್ದನು. ಕಾಡಿನ ಮೌನವು ಆಲೋಚನೆಯನ್ನು ಎಚ್ಚರಿಸುತ್ತದೆಂದು ಇತಿಹಾಸಕಾರ ಟ್ಯಾಸಿಟಸನಿಗೆ ಪತ್ರ ಬರೆದನು. ಕೊಂಡೊಯ್ಯಬಹುದಾದ ಹಲಗೆಯಿಂದ ಎಲ್ಲಿ ಬೇಕಾದರೂ ಬರೆಯುವ ಸೌಲಭ್ಯ, ಆದರೆ ಎಲ್ಲೆಡೆಯೂ ಮನಸ್ಸು ನಿಲ್ಲುವುದೇ ಎಂಬ ಸಂದೇಹ: ಇಂದಿನ ಚರ್ಚೆಯ ಎರಡು ಪಕ್ಷಗಳೂ ಈ ಗುರುಶಿಷ್ಯರಲ್ಲಿಯೇ ಕಾಣುತ್ತವೆ.

ಕ್ವಿಂಟಿಲಿಯನ್ ಹೇಳಿದ ಇನ್ನೊಂದು ಸಣ್ಣ ಪ್ರಸಂಗವಿದೆ. ಅದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಒಬ್ಬ ಶ್ರದ್ಧಾವಂತ ತರುಣನು ತನ್ನ ಬರವಣಿಗೆಯನ್ನು ಸಾಲುಗಳ ಲೆಕ್ಕದಿಂದ ಅಳೆಯುತ್ತಿದ್ದನು. ಅವನ ಹಲಗೆ ಬಲು ಅಗಲವಾಗಿತ್ತು. ಆದುದರಿಂದ ಪ್ರಬಂಧಗಳು ಮಿತಿಮೀರಿ ಬೆಳೆಯುತ್ತಿದ್ದುವು. ಎಷ್ಟು ಬುದ್ಧಿ ಹೇಳಿದರೂ ಆ ದೋಷ ಹೋಗಲಿಲ್ಲ. ಕೊನೆಗೆ ಹಲಗೆಯನ್ನು ಬದಲಾಯಿಸಿದರು. ದೋಷ ತಾನಾಗಿ ಹೋಯಿತು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಇಲ್ಲಿಯೂ ಎರಡು ಬಗೆಯ ಬರವಣಿಗೆಗಳಿದ್ದುವು. ತಾಳೆಯೋಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದುದನ್ನು ಅಳಿಸಲಾಗದು. ಆದುದರಿಂದ ಓಲೆಗೆ ಕೈಹಚ್ಚುವ ಮೊದಲೇ ವಾಕ್ಯವು ಮನಸ್ಸಿನಲ್ಲಿ ಸಿದ್ಧವಾಗಿರಬೇಕಾಗಿತ್ತು. ಎರಡನೆಯದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ ಕಡತವನ್ನು ಸಿದ್ಧಪಡಿಸುತ್ತಿದ್ದರು. ಆ ಕರಿಯ ಮೈಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರಸಿ ಮತ್ತೆ ಬರೆಯುವುದು. ಮಠಗಳ ಲೆಕ್ಕಪತ್ರಗಳೂ ವರ್ತಕರ ಬರಹಗಳೂ ಇದರಲ್ಲಿರುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಇಂದು ಕಚೇರಿಯ ಫೈಲಿಗೆ ಕಡತವೆಂದು ಹೇಳುವಾಗ ನಾವು ಆ ಹಳೆಯ ಅಳಿಸುಬಟ್ಟೆಯ ಹೆಸರನ್ನೇ ಉಚ್ಚರಿಸುತ್ತಿದ್ದೇವೆ. ಶಾಲೆಯ ಮಕ್ಕಳ ಕೈಯಲ್ಲಿದ್ದ ಕಲ್ಲಿನ ಸ್ಲೇಟು ಇದೇ ವಂಶದ್ದು.

ಮೇಣದ ಹಲಗೆಗೂ ಕಡತಕ್ಕೂ ಸ್ಲೇಟಿಗೂ ಒಂದು ಸಮಾನ ಗುಣವಿತ್ತು. ಬರೆಯುವವನು ಬರೆದುದಲ್ಲದೆ ಬೇರೇನೂ ಅವುಗಳ ಮೇಲೆ ಮೂಡುತ್ತಿರಲಿಲ್ಲ. ಕ್ವಿಂಟಿಲಿಯನ್ ಹೆದರಿದ ಹೊಳೆಯೂ ಹಕ್ಕಿಯೂ ಹಲಗೆಯ ಹೊರಗಿದ್ದುವು. ಬಾಗಿಲು ಮುಚ್ಚಿದರೆ ಸಾಕಾಗಿತ್ತು. ಗಣಕದ ಹಲಗೆಯ ಕಥೆಯನ್ನು ಓದುವಾಗ ಈ ಗುಣವು ಎಲ್ಲಿ ಕಳೆದುಹೋಯಿತೆಂಬುದನ್ನು ಗಮನಿಸಬೇಕು.

1964ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯು ಲೇಖನಿಯಿಂದ ಬರೆದುದನ್ನು ಗಣಕಕ್ಕೆ ತಿಳಿಸುವ ಫಲಕವೊಂದನ್ನು ಪ್ರಕಟಪಡಿಸಿತು. ಆದರೆ ಹಲಗೆಯೇ ಗಣಕವಾಗಬೇಕೆಂಬ ಕಲ್ಪನೆಯನ್ನು ಸ್ಪಷ್ಟವಾಗಿ ಮುಂದಿಟ್ಟವನು ಆಲನ್ ಕೇ. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿದ್ದ ಈ ವಿಜ್ಞಾನಿಯು 1972ರಲ್ಲಿ ಎಲ್ಲ ವಯಸ್ಸಿನ ಮಕ್ಕಳಿಗೂ ಸ್ವಂತ ಗಣಕವಿರಬೇಕೆಂದು ಒಂದು ಪ್ರಬಂಧವನ್ನು ಬರೆದನು. ಅದಕ್ಕೆ ಡೈನಬುಕ್ ಎಂದು ಹೆಸರಿಟ್ಟನು. ನೋಟುಬುಕ್ಕಿನ ಗಾತ್ರ, ನಾಲ್ಕು ಪೌಂಡಿಗಿಂತ ಕಡಿಮೆ ತೂಕ, ಓದಲು ಬರೆಯಲು ಚಿತ್ರಿಸಲು ಒಂದೇ ಸಾಧನ, ಇದು ಅವನ ಕನಸು. ಯಂತ್ರವು ಮಗುವನ್ನು ನಡೆಸಬಾರದು, ಮಗುವೇ ಯಂತ್ರವನ್ನು ನಡೆಸಬೇಕೆಂಬುದು ಅದರ ತಿರುಳು.

ಆ ಕನಸು ಸುಲಭವಾಗಿ ಕೈಗೂಡಲಿಲ್ಲ. 1989ರಲ್ಲಿ ಗ್ರಿಡ್‌ಪ್ಯಾಡ್ ಎಂಬ ಲೇಖನಿಗಣಕ ಮಾರುಕಟ್ಟೆಗೆ ಬಂದಿತು. 1993ರಲ್ಲಿ ಆಪಲ್ ಸಂಸ್ಥೆಯು ನ್ಯೂಟನ್ ಎಂಬುದನ್ನು ಹೊರತಂದಿತು. ಅದು ಕೈಬರಹವನ್ನು ತಪ್ಪುತಪ್ಪಾಗಿ ಓದಿ ಜನರ ನಗೆಗೆ ಗುರಿಯಾಯಿತು, 1998ರಲ್ಲಿ ನಿಂತುಹೋಯಿತು. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ತಂತ್ರಾಂಶವುಳ್ಳ ಟ್ಯಾಬ್ಲೆಟ್ ಗಣಕಗಳು ಬಂದುವು. ಬೆಲೆ ಹೆಚ್ಚು, ತೂಕವೂ ಹೆಚ್ಚು.

ಈ ನಡುವೆ ಬೆಂಗಳೂರಿನಲ್ಲಿ ನಡೆದ ಒಂದು ಯತ್ನವನ್ನು ನಾವು ಮರೆಯಬಾರದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯ ಯಂತ್ರಜ್ಞರೂ ಕೂಡಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿ 2001ರಲ್ಲಿ ಮಾದರಿಯನ್ನು ತೋರಿಸಿದರು. ಒಂದೇ ಸಾಧನವನ್ನು ಒಂದು ಊರಿನ ಹಲವರು ತಮ್ಮ ತಮ್ಮ ಕಾರ್ಡುಗಳ ಮೂಲಕ ಬಳಸಬೇಕು, ಅಕ್ಷರ ಬಾರದವರಿಗೆ ಅದು ಭಾರತೀಯ ಭಾಷೆಗಳಲ್ಲಿ ಓದಿಹೇಳಬೇಕು ಎಂಬ ಉದಾತ್ತ ಧ್ಯೇಯ ಅವರದಾಗಿತ್ತು. 2004ರಲ್ಲಿ ಮಾರಾಟಕ್ಕೆ ಬಂದರೂ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ಆಕಾಶ್ ಎಂಬ ಅಗ್ಗದ ಟ್ಯಾಬ್ಲೆಟನ್ನು ದೆಹಲಿಯಲ್ಲಿ ಬಿಡುಗಡೆಮಾಡಿತು. ಅದರ ಸ್ಪರ್ಶಪರದೆ ಮಂದಗತಿಯದೆಂಬ ದೂರು ಬಂದಿತು. ಆ ಯೋಜನೆಯೂ ಮುಂದೆ ಕುಂದಿತು.

ಜಗತ್ತಿನ ರೂಢಿಯನ್ನು ಬದಲಾಯಿಸಿದುದು 2010ರ ಏಪ್ರಿಲಿನಲ್ಲಿ ಮಾರಾಟಕ್ಕೆ ಬಂದ ಆಪಲ್ ಸಂಸ್ಥೆಯ ಐಪ್ಯಾಡ್. ಅದಕ್ಕೆ ಲೇಖನಿಯಿರಲಿಲ್ಲ, ಬೆರಳೇ ಸಾಕೆಂದರು. ನೋಡಲು, ಕೇಳಲು, ಓದಲು ಅದು ಸೊಗಸಾಗಿತ್ತು. ಬರೆಯಲು ಅಷ್ಟೇನೂ ಅನುಕೂಲವಾಗಿರಲಿಲ್ಲ. ಅದೇ ಸಂಸ್ಥೆ ಅದಕ್ಕೆ ಲೇಖನಿಯನ್ನು ಹೊರತಂದುದು 2015ರಲ್ಲಿ. ಎರಡು ಬರಹಗಳನ್ನು ಅಕ್ಕಪಕ್ಕದಲ್ಲಿ ತೆರೆದಿಡುವ ಸೌಲಭ್ಯವೂ ಆ ವರ್ಷವೇ ಬಂದಿತು. ಅಂದಿನಿಂದ ಟ್ಯಾಬ್ಲೆಟ್ಟು ವಿದ್ವತ್ ಬರವಣಿಗೆಯ ನಿಜವಾದ ಸಾಧನವಾಯಿತೆನ್ನಬಹುದು.

ಅದರ ಉಪಕಾರಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹಿಂದೆ ಒಂದು ಶಾಸನಸಂಪುಟವನ್ನು ನೋಡಲು ಸಂಶೋಧಕನು ಮೈಸೂರಿಗೋ ಧಾರವಾಡಕ್ಕೋ ಪ್ರಯಾಣಮಾಡಬೇಕಾಗಿತ್ತು. ಇಂದು ಅಂಥ ಎಷ್ಟೋ ಸಂಪುಟಗಳ ಛಾಯಾಪ್ರತಿಗಳು ಹಳ್ಳಿಯ ಮನೆಯಲ್ಲಿಯೇ ದೊರೆಯುತ್ತವೆ. ಓಲೆಯ ಚಿತ್ರವನ್ನು ಹಿಗ್ಗಿಸಿ, ಬರಿಗಣ್ಣಿಗೆ ಕಾಣದ ಗೆರೆಯನ್ನು ಓದಬಹುದು. ಪುಟದ ಅಂಚಿನಲ್ಲಿ ಕೈಬರಹದಲ್ಲಿಯೇ ಟಿಪ್ಪಣಿ ಬರೆಯಬಹುದು. ಕ್ವಿಂಟಿಲಿಯನ್ ಬಿಡಬೇಕೆಂದ ಖಾಲಿ ಜಾಗವು ಇಲ್ಲಿ ಎಂದಿಗೂ ಮುಗಿಯದು. ಕಣ್ಣು ಮಂದವಾದವರಿಗೂ ಅಕ್ಷರವನ್ನು ದೊಡ್ಡದಾಗಿಸಿಕೊಳ್ಳುವ ದಾರಿಯುಂಟು.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದೆರಡು ಸಂಗತಿಗಳನ್ನು ತಿಳಿದಿರಬೇಕು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಗಣಕದಲ್ಲಿ ಕನ್ನಡ ಬರೆಯುವುದನ್ನು ಸುಲಭಗೊಳಿಸಿತು. ಆದರೆ ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದರು. ಅಂಥ ಬರಹವನ್ನು ಆ ಅಕ್ಷರಶೈಲಿ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಮಹಾಪ್ರಬಂಧವನ್ನು ಆರಂಭದಿಂದಲೂ ಯೂನಿಕೋಡಿನಲ್ಲಿ ಬರೆದರೆ ವರ್ಷಗಳ ಶ್ರಮ ವ್ಯರ್ಥವಾಗದು.

ಈಗ ವಿಘ್ನದ ಮಾತು. ಹಳೆಯ ಹಲಗೆ ಬರಿಯ ಹಲಗೆಯಾಗಿತ್ತು. ಹೊಸ ಹಲಗೆಯಲ್ಲಿ ಗ್ರಂಥಾಲಯ, ಅಂಚೆಕಚೇರಿ, ನಾಟಕಶಾಲೆ, ಸಂತೆ ಎಲ್ಲವೂ ಒಂದೇ ಗಾಜಿನ ಹಿಂದೆ ನೆರೆದಿವೆ. ಬಾಗಿಲು ಮುಚ್ಚಿದರೂ ಸಂತೆ ಒಳಗೇ ಇರುತ್ತದೆ. ಅಷ್ಟೇ ಅಲ್ಲ, ಆ ಸಂತೆಯ ವರ್ತಕರಿಗೆ ನಮ್ಮ ಗಮನವೇ ಸರಕು. ಆದುದರಿಂದ ಅವರು ಕೂಗಿ ಕರೆಯುತ್ತಲೇ ಇರುತ್ತಾರೆ. ಕೆಲಸವೊಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಮೊದಲಿನದರಲ್ಲಿಯೇ ಉಳಿದುಬಿಡುತ್ತದೆಂದು ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ತೋರಿಸಿದರು. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸಗಳನ್ನು ಮಾಡಿದ ವಿದ್ಯಾರ್ಥಿಗಳಷ್ಟೇ ಅಲ್ಲದೆ, ಅವರ ಪರದೆ ಕಣ್ಣಿಗೆ ಬೀಳುವಂತೆ ಕುಳಿತವರೂ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆಂದು ಕೆನಡದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮಾಹಿತಿಯ ಬರಹಗಳನ್ನು ಕಾಗದದಲ್ಲಿ ಓದಿದವರ ಗ್ರಹಿಕೆ ಪರದೆಯಲ್ಲಿ ಓದಿದವರಿಗಿಂತ ತುಸು ಮೇಲಾಗಿತ್ತು.

ಆದರೆ ಎಲ್ಲ ದೋಷವನ್ನೂ ಯಂತ್ರದ ತಲೆಗೆ ಕಟ್ಟುವುದು ಸಲ್ಲದು. ಕೈಯಿಂದ ಟಿಪ್ಪಣಿ ಬರೆದವರಿಗೆ ಕೀಲಿಮಣೆಯಿಂದ ಬರೆದವರಿಗಿಂತ ವಿಷಯ ಚೆನ್ನಾಗಿ ಮನದಟ್ಟಾಗುತ್ತದೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬಹಳ ಹೆಸರಾಯಿತು. 2019ರಲ್ಲಿಯೂ 2021ರಲ್ಲಿಯೂ ಇತರರು ಅದನ್ನು ಮತ್ತೆ ಪರೀಕ್ಷಿಸಿದಾಗ ಅಂಥ ಸ್ಪಷ್ಟ ಅಂತರ ಕಾಣಲಿಲ್ಲ. ಬರೆಯುವ ಸಾಧನ ಯಾವುದೆಂಬುದಕ್ಕಿಂತ, ಬರೆಯುವ ಹೊತ್ತಿನಲ್ಲಿ ಮನಸ್ಸು ಎಲ್ಲಿದೆ ಎಂಬುದೇ ಮುಖ್ಯವೆಂದು ತೋರುತ್ತದೆ.

ಇಲ್ಲಿ ರೋಮ್ ನಗರದ ಆ ತರುಣನು ಮತ್ತೆ ನೆನಪಾಗುತ್ತಾನೆ. ಉಪದೇಶದಿಂದ ಹೋಗದ ದೋಷ ಹಲಗೆಯನ್ನು ಬದಲಾಯಿಸಿದಾಗ ಹೋಯಿತು. ನಾವು ಮಕ್ಕಳಿಗೆ ದಿನವೂ ಏಕಾಗ್ರತೆಯ ಉಪದೇಶ ಮಾಡುತ್ತೇವೆ. ಅವರ ಹಲಗೆಯನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇವೆ. ಆ ಹಲಗೆಯನ್ನು ಬದಲಾಯಿಸುವುದು ಕಷ್ಟವೇನಲ್ಲ. ಬರೆಯುವ ಹೊತ್ತಿಗೆ ಅಂತರಜಾಲದ ಸಂಪರ್ಕವನ್ನು ಕಡಿದುಬಿಡಬಹುದು. ಬೇಕಾದ ಆಕರಗಳನ್ನು ಮೊದಲೇ ಇಳಿಸಿಕೊಂಡಿರಬಹುದು. ಸಂದೇಶಗಳ ಸೂಚನೆಯನ್ನು ನಿಲ್ಲಿಸುವ ಅನುಕೂಲ ಈಗಿನ ಟ್ಯಾಬ್ಲೆಟ್ಟುಗಳಲ್ಲಿಯೇ ಇದೆ. ಆಕರಗಳನ್ನು ಟ್ಯಾಬ್ಲೆಟ್ಟಿನಲ್ಲಿ ಓದಿ, ಮೊದಲ ಕರಡನ್ನು ಕಾಗದದ ಮೇಲೆಯೇ ಬರೆಯುವವರೂ ಉಂಟು. 2017ರಲ್ಲಿ ನಾರ್ವೆಯ ಸಂಸ್ಥೆಯೊಂದು ಮುಖ್ಯವಾಗಿ ಓದುವುದಕ್ಕೂ ಬರೆಯುವುದಕ್ಕೂ ರೂಪಿಸಿದ ಟ್ಯಾಬ್ಲೆಟನ್ನು ಮಾರಾಟಕ್ಕೆ ತಂದಿತು. ಹಲಗೆಯು ಮತ್ತೆ ಬರಿಯ ಹಲಗೆಯಾಗುವುದಕ್ಕೆ ಜನರು ಹಣ ಕೊಡುತ್ತಿದ್ದಾರೆಂಬುದು ಯೋಚಿಸತಕ್ಕ ಸಂಗತಿ.

ಓಲೆಯಲ್ಲಿ ಬರೆದ ನಮ್ಮ ಹಿರಿಯರು ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಹಿಡಿದಿಟ್ಟುಕೊಂಡು ಬರೆಯುತ್ತಿದ್ದರು. ಅಳಿಸುವ ಸೌಲಭ್ಯ ಬಂದುದರಿಂದ ಆ ಶಕ್ತಿ ನಾಶವಾಗಲಿಲ್ಲ. ಕಡತದ ಕಾಲದಲ್ಲಿಯೂ ಸ್ಲೇಟಿನ ಕಾಲದಲ್ಲಿಯೂ ಅದು ಉಳಿದುಬಂದಿತು. ಒಂದು ಆಲೋಚನೆಯನ್ನು ಕಡೆಮುಟ್ಟುವ ತನಕ ಕೈಬಿಡದೆ ನಡೆಸುವ ಆ ಶಕ್ತಿಯಿಲ್ಲದೆ ಪಾಂಡಿತ್ಯವಿಲ್ಲ. ಗಾಜಿನ ಹಲಗೆಯ ಕಾಲದಲ್ಲಿ ಅದು ಉಳಿಯುವುದೋ ಇಲ್ಲವೋ ಎಂಬುದು ನಮ್ಮ ಮನೆಗಳಲ್ಲಿ, ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ದಿನದಿನವೂ ತೀರ್ಮಾನವಾಗುತ್ತಿದೆ. ವಾಚಕರೆ, ನಿಮ್ಮ ಮನೆಯ ಮಗ ಅಥವಾ ಮಗಳು ಇಂದು ಸಂಜೆ ಬರೆಯಲು ಕುಳಿತಾಗ, ಬುದ್ಧಿ ಹೇಳುವುದಕ್ಕೆ ಮೊದಲು ಅವರ ಹಲಗೆಯ ಮೇಲೆ ಏನೇನಿದೆಯೆಂದು ಅವರೊಡನೆ ಕುಳಿತು ಒಮ್ಮೆ ನೋಡಿರಿ.