ಕಾಲೇಜಿನಿಂದ ಸೇನಾಧಿಕಾರಿಯ ಹುದ್ದೆಗೆ: ಮೂರು ಬಾಗಿಲುಗಳ ಚರಿತ್ರೆ

ಸೈನ್ಯಕ್ಕೆ ಸೇರುವುದು ಎಂದರೆ ನಮ್ಮ ಕಾಸರಗೋಡಿನ ಕಡೆ ಹೆಚ್ಚಿನವರಿಗೆ ನೆನಪಾಗುವುದು ಭರ್ತಿಯ ದಿನ ಮೈದಾನದಲ್ಲಿ ಓಡುವ ಹುಡುಗರು. ಪದವಿ ಓದುವವರು ನೇರವಾಗಿ ಅಧಿಕಾರಿಗಳಾಗಿಯೇ ಸೇರಬಹುದು ಎಂಬುದು ಎಷ್ಟೋ ಮಕ್ಕಳಿಗೆ ಕೊನೆಯ ವರ್ಷದವರೆಗೂ ಗೊತ್ತಿರುವುದಿಲ್ಲ. ಈ ದಾರಿ ಸುಲಭವಾಗಿ ತೆರೆದದ್ದಲ್ಲ.

ಬ್ರಿಟಿಷರ ಕಾಲದಲ್ಲಿ ಭಾರತೀಯ ಸೈನಿಕ ಎಷ್ಟೇ ಶೂರನಾದರೂ ಸಾಮಾನ್ಯವಾಗಿ ಸುಬೇದಾರ್ ಮೇಜರ್ ದರ್ಜೆಗೇ ನಿಲ್ಲುತ್ತಿದ್ದ. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯರು ಹೋರಾಡಿದ ಮೇಲೆ ಸರ್ಕಾರ ಸ್ವಲ್ಪ ಸಡಿಲಿಸಿತು. 1918ರಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಭಾರತೀಯರಿಗೆ ವರ್ಷಕ್ಕೆ 10 ಸ್ಥಾನ ಸಿಕ್ಕಿತು. ಇಂದೋರಿನ ಡೇಲಿ ಕಾಲೇಜಿನಲ್ಲೂ ಒಂದು ತಂಡಕ್ಕೆ ತರಬೇತಿ ನಡೆಯಿತು. ಆಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಕೊಡಗಿನ ಯುವಕನೊಬ್ಬ ಈ ಸುದ್ದಿ ತಿಳಿದು ಅರ್ಜಿ ಹಾಕಿದ. ಅವರೇ ಕೆ.ಎಂ. ಕಾರ್ಯಪ್ಪ. 1919ರಲ್ಲಿ ಅಧಿಕಾರಿಯಾದ ಅವರು 1949ರ ಜನವರಿ 15ರಂದು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾ ದಿನ.

ಎರಡನೆಯ ಬಾಗಿಲು ಸ್ಪರ್ಧಾತ್ಮಕ ಪರೀಕ್ಷೆ. 1932ರಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಸೇನಾ ಅಕಾಡೆಮಿ ತೆರೆಯಿತು. ಮೊದಲ ತಂಡದಲ್ಲಿದ್ದವರು 40 ಮಂದಿ, ಅವರಲ್ಲಿ 15 ಮಂದಿ ಬಹಿರಂಗ ಪರೀಕ್ಷೆಯಲ್ಲಿ ಗೆದ್ದು ಬಂದವರು. ಸ್ಯಾಮ್ ಮಾಣೆಕ್‌ಷಾ ಅವರಲ್ಲೊಬ್ಬರು. ಲಂಡನ್ನಿಗೆ ಹೋಗಿ ವೈದ್ಯನಾಗಬೇಕೆಂದಿದ್ದ ಅವರನ್ನು ತಂದೆ ಕಳುಹಿಸಲಿಲ್ಲ. ಅಮೃತಸರದ ಹಿಂದೂ ಸಭಾ ಕಾಲೇಜಿಗೆ ಸೇರಿದ್ದವರು ಈ ಪರೀಕ್ಷೆ ಬರೆದರು. ಒಂದು ಮಾತು ಗಮನಿಸಿ: ನಮ್ಮ ಭೂಸೇನೆಯ ಇಬ್ಬರೇ ಫೀಲ್ಡ್ ಮಾರ್ಷಲ್‌ಗಳಾದ ಮಾಣೆಕ್‌ಷಾ ಮತ್ತು ಕಾರ್ಯಪ್ಪ, ಇಬ್ಬರೂ ಕಾಲೇಜಿನ ಬೆಂಚಿನಿಂದ ಎದ್ದು ಬಂದವರು.

ಮೂರನೆಯದು ಎನ್.ಸಿ.ಸಿ. ವಿಶ್ವವಿದ್ಯಾಲಯಗಳಲ್ಲಿ 1917ರಿಂದಲೂ ವಿದ್ಯಾರ್ಥಿ ಪಡೆಗಳಿದ್ದವು. ಕಲ್ಕತ್ತದಲ್ಲಿ ಸುಭಾಷ್‌ಚಂದ್ರ ಬೋಸ್ ಕೂಡ ಅದರಲ್ಲಿ ತರಬೇತಿ ಪಡೆದಿದ್ದರು. ಸ್ವಾತಂತ್ರ್ಯಾನಂತರ ಕುಂಜ್ರು ಸಮಿತಿಯ ಸಲಹೆಯಂತೆ 1948ರಲ್ಲಿ ಎನ್.ಸಿ.ಸಿ. ಹುಟ್ಟಿತು. ಮರುವರ್ಷವೇ ಬಾಲಕಿಯರ ವಿಭಾಗವೂ ಬಂತು. ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜುಗಳಲ್ಲಿ ಅದು ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಹಿಮಾಚಲದ ಪಾಲಂಪುರದ ಶಿಕ್ಷಕ ದಂಪತಿಯ ಮಗ ವಿಕ್ರಮ್ ಬಾತ್ರಾ ಚಂಡೀಗಢದಲ್ಲಿ ಬಿ.ಎಸ್ಸಿ. ಓದುತ್ತಾ ಎನ್.ಸಿ.ಸಿ.ಯ 'ಸಿ' ಪ್ರಮಾಣಪತ್ರ ಪಡೆದರು. ಕೈಗೆ ಬಂದಿದ್ದ ಹಡಗಿನ ಕೆಲಸವನ್ನು ಬಿಟ್ಟು, ಸಿ.ಡಿ.ಎಸ್. ಪರೀಕ್ಷೆ ಬರೆದು, 1996ರಲ್ಲಿ ಡೆಹರಾಡೂನಿಗೆ ಹೋದರು. 1999ರ ಜುಲೈ 7ರಂದು ಕಾರ್ಗಿಲ್‌ನಲ್ಲಿ ಪ್ರಾಣ ಕೊಟ್ಟರು. ಮರಣೋತ್ತರ ಪರಮವೀರ ಚಕ್ರ ಅವರಿಗೆ ಸಂದಿತು. ಈ ದಾರಿ ಹಿಡಿಯುವವರು ಇದನ್ನೂ ತಿಳಿದೇ ಹಿಡಿಯಬೇಕು.

ಈಗ ನಮ್ಮ ಮಕ್ಕಳ ಮಾತಿಗೆ ಬರೋಣ. ಸಿ.ಡಿ.ಎಸ್. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಜತೆಗೆ ಇಂಗ್ಲಿಷಿನದ್ದೇ ಒಂದು ಪತ್ರಿಕೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಏರುದಾರಿಯೇ, ಆದರೆ ಮೂರು ವರ್ಷದ ಅಭ್ಯಾಸಕ್ಕೆ ಮಣಿಯದ ಏರಲ್ಲ. 'ಸಿ' ಪ್ರಮಾಣಪತ್ರವೂ ಒಳ್ಳೆಯ ಅಂಕಗಳೂ ಇದ್ದರೆ ಎನ್.ಸಿ.ಸಿ. ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯೇ ಇಲ್ಲ. ಅರ್ಜಿ ಆಯ್ಕೆಯಾದವರಿಗೆ ನೇರವಾಗಿ ಎಸ್.ಎಸ್.ಬಿ. ಸಂದರ್ಶನ. ಆದರೆ ಅಲ್ಲೂ ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತನಾಡಬೇಕು. ಮದರಾಸಿನಲ್ಲಿ 1963ರಲ್ಲಿ ಶುರುವಾದ ಅಧಿಕಾರಿಗಳ ತರಬೇತಿ ಶಾಲೆ ಈಗ ಅಕಾಡೆಮಿಯಾಗಿದೆ. 1992ರಿಂದ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಪಡೆಯುತ್ತಿದ್ದಾರೆ.

ಒಂದು ಕಾಲದಲ್ಲಿ ಮನೆತನ, ಶಿಫಾರಸು ನೋಡಿ ತೆರೆಯುತ್ತಿದ್ದ ಬಾಗಿಲು ಇಂದು ಬೀಡಿ ಕಟ್ಟುವ ಮನೆಯ ಮಗಳಿಗೂ ತೆರೆದಿದೆ. ಆದರೆ 'ಸಿ' ಪ್ರಮಾಣಪತ್ರದ ಪರೀಕ್ಷೆ ಬರುವುದು ಮೂರನೆಯ ವರ್ಷದಲ್ಲಿ. ಆದ್ದರಿಂದ ಎನ್.ಸಿ.ಸಿ.ಗೆ ಹೆಸರು ಕೊಡಬೇಕಾದದ್ದು ಮೊದಲ ವರ್ಷದಲ್ಲೇ. ಕಾಲೇಜಿಗೆ ಹೊರಟ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಈಗಲೇ ಅವರ ಕಿವಿಗೆ ಹಾಕಿ.